ಗೆರೆ ಬೀಳದ ಗಡಿಗೆ

ಸುಗ್ಗಿ ಮುಗಿಯಿತೆಂದರೆ ಮುಡಬಿಯ ಆ ಓಣಿಯಲ್ಲಿ ಆರೇಳು ಮನೆಯ ಹೆಂಗಸರು ಕರಿಹುಳಿ ಹಾಕುತ್ತಿದ್ದರು. ಜೋಳ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹಂಚಿನ ಮೇಲೆ ಕಪ್ಪಗೆ ಹುರಿದು ಕುಟ್ಟುವುದು. ಬೆಲ್ಲದ ನೀರಿನಲ್ಲಿ ಕುದಿಸಿ, ಗಡಿಗೆಗೆ ತುಂಬಿ, ಮೂರು ದಿನ ಹೊಟ್ಟಿನಲ್ಲಿ ಹೂತಿಡುವುದು. ಮೇಲೆ ಕಂದು ನೊರೆ ಬಂದರೆ ಆಯಿತು. ಕುಡಿದವರಿಗೆ ಅಮಲು ಕಡಿಮೆ, ಮಾತು ಜಾಸ್ತಿ.

ರುಚಿ ನೋಡುವ ಹಕ್ಕು ಸರುಬಾಯಿಯದು. ಒಂದೊಂದು ಗಡಿಗೆಯಿಂದ ಒಂದೊಂದು ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ನುಂಗಿ, ಸುಣ್ಣದಲ್ಲಿ ಬೆರಳದ್ದಿ ಗಡಿಗೆಯ ಕೊರಳಿಗೆ ಗೆರೆ ಎಳೆಯುತ್ತಿದ್ದಳು. ಒಂದು ಗೆರೆಯದು ಮನೆಯವರಿಗೆ, ಎರಡು ಗೆರೆಯದು ಬೀಗರಿಗೆ, ಮೂರು ಗೆರೆಯದು ಮದುವೆಗೆ. ಇಪ್ಪತ್ತು ವರ್ಷ ಅವಳ ಗೆರೆಯನ್ನು ಯಾರೂ ಅಳಿಸಿರಲಿಲ್ಲ. ಅದಕ್ಕೊಂದು ಕಟ್ಟಳೆಯಿತ್ತು: ರುಚಿ ನೋಡುವವಳು ಮೂರು ದಿನ ಮುಂಚೆಯೇ ಎಲೆಅಡಿಕೆ ಬಿಡಬೇಕು, ಮಿಶ್ರಿ ಬಿಡಬೇಕು. ತಂಬಾಕು ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಆ ಮಿಶ್ರಿ ಇಲ್ಲದೆ ಓಣಿಯ ಯಾವ ಹೆಂಗಸಿಗೂ ಬೆಳಗಾಗುತ್ತಿರಲಿಲ್ಲ. ಸರುಬಾಯಿಗಂತೂ ಇಲ್ಲವೇ ಇಲ್ಲ.

ಆ ವರ್ಷ ಹುಮನಾಬಾದಿನ ಮಾಣಿಕಪ್ಪ ತಾನೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಮಗಳ ಮದುವೆ ಇತ್ತು. ಮೂರು ಗೆರೆ ಬಿದ್ದವಳಿಗೆ ಮದುವೆಯ ಹತ್ತು ಗಡಿಗೆ ಹಾಕುವ ಕೆಲಸ, ಒಂದು ಚೀಲ ಜೋಳ, ಒಂದು ಸೀರೆ.

ಸಾಲಿನಲ್ಲಿ ಕೊನೆಯದು ದ್ರೌಪತಿಯ ಗಡಿಗೆ. ನಿರ್ಣಾದಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿದ್ದರೂ ಓಣಿಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ನಿರ್ಣಾದಾಕಿ' ಎನ್ನುತ್ತಿದ್ದರು. ತವರಿನ ರೀತಿಯಲ್ಲಿ ಅವಳು ಜೋಳವನ್ನು ಇನ್ನೂ ಎರಡು ಕೈ ಹೆಚ್ಚಿಗೆ ಹುರಿಯುತ್ತಿದ್ದಳು. ಈ ಸಾಲಿನಲ್ಲಿ ಗಡಿಗೆ ಇಟ್ಟದ್ದು ಇದೇ ಮೊದಲು.

ಸರುಬಾಯಿ ಮೂರು ದಿನ ಕಟ್ಟಳೆ ಪಾಲಿಸಿದ್ದಳು. ರುಚಿ ನೋಡುವ ದಿನ ಬೆಳಗ್ಗೆ ಅಂಗಳ ಗುಡಿಸುವಾಗ ತಲೆ ಸಿಡಿಯತೊಡಗಿತು. ಒಂದೇ ಬೆರಳು ಎಂದುಕೊಂಡು ಮಿಶ್ರಿ ತಿಕ್ಕಿದಳು. ಒಂದು ಬೆರಳು ಎರಡಾಯಿತು. ಆಮೇಲೆ ನಾಲ್ಕು ಸಲ ಬಾಯಿ ಮುಕ್ಕಳಿಸಿ, ಹೋಯಿತು ಎಂದು ನಂಬಿದಳು.

ಹೋಗಿರಲಿಲ್ಲ. ಮೊದಲ ಗಡಿಗೆಯಲ್ಲೇ ನಾಲಿಗೆಯ ಬುಡದಲ್ಲಿ ಸುಟ್ಟ ವಾಸನೆ ಕೂತಿತ್ತು. 'ಇವತ್ತು ನನ್ನ ಬಾಯಿ ಸರಿ ಇಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಹುಮನಾಬಾದಿನವನು, ಸುತ್ತಲೂ ಓಣಿಯ ಜನ. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಅಂದಾಜಿನ ಮೇಲೆ ಗೆರೆ ಎಳೆಯುತ್ತ ಹೋದಳು. ಜೋಳ ಕಡಿಮೆ ಹುರಿದಿದ್ದ ಸುಮನಬಾಯಿಯ ಗಡಿಗೆ ನಾಲಿಗೆಗೆ ಹಗುರವೆನಿಸಿತು. ಮೂರು ಗೆರೆ ಎಳೆದಳು. ದ್ರೌಪತಿಯದು ಬಾಯಿಗೆ ಬಿದ್ದದ್ದೇ ತಡ, ಬರೀ ಬೂದಿ.

"ಸೀದದ," ಎಂದಳು.

"ಹುಳಿ ಸೀದದೋ, ಮಾಡಿದಾಕಿನೇ ಸೀದಾಳೋ?" ಎಂದಳು ಸುಮನಬಾಯಿ. ಕಟ್ಟೆಯೆಲ್ಲ ನಕ್ಕಿತು.

"ಇನ್ನೊಮ್ಮಿ ನೋಡ್ರಿ ಅತ್ತಿ," ದ್ರೌಪತಿ ಮೆಲ್ಲಗೆ ಹೇಳಿದಳು. "ನಾ ಹಂಚಿನ ಮುಂದಿಂದ ಎದ್ದಿಲ್ರಿ. ಒಂದ ಕಾಳು ಸೀದಿಲ್ರಿ."

"ಇಪ್ಪತ್ತು ವರ್ಷದ ನಾಲಿಗಿ ಇದು. ನೀ ನನಗ ಕಲಿಸ್ತಿ?" ಸರುಬಾಯಿ ಎದ್ದುಬಿಟ್ಟಳು. ಗಡಿಗೆಯ ಕೊರಳು ಬರಿದಾಗಿಯೇ ಉಳಿಯಿತು.

ಅಂದೇ ಮಧ್ಯಾಹ್ನ 'ನಿರ್ಣಾದಾಕಿ' ಹೋಗಿ 'ಸೀದಾಕಿ' ಆಯಿತು.

ರುಚಿ ನೋಡಿದವಳ ಮನೆಗೆ ಪ್ರತಿ ಗಡಿಗೆಯಿಂದ ಒಂದು ಚೆಂಬು ಕಳಿಸುವುದು ರೂಢಿ. ಗೆರೆ ಬೀಳದಿದ್ದರೂ ದ್ರೌಪತಿ ರೂಢಿ ಮುರಿಯಲಿಲ್ಲ. ಚೆಂಬು ಹೊಸ್ತಿಲಲ್ಲಿಟ್ಟು ಹೋದಳು. ಸಂಜೆ ಉಂಡು, ಮಜ್ಜಿಗೆ ಕುಡಿದು, ಬಾಯಿ ತಿಳಿಯಾದ ಮೇಲೆ ಸರುಬಾಯಿ ಅದನ್ನು ಎತ್ತಿದಳು. ಒಂದು ಗುಟುಕು. ಆಮೇಲೆ ಇನ್ನೊಂದು.

ಸೀದಿರಲಿಲ್ಲ. ಹುರಿದ ಕಡಲೆಯ ಘಮ, ಒಳಗೆಲ್ಲೋ ಬೆಲ್ಲ, ಕೊನೆಗೆ ಹುಣಸೆಯಂಥ ಒಂದು ಚುರುಕು. ಸೀಯುವುದಕ್ಕೆ ಒಂದೇ ಉಸಿರು ಮೊದಲು ಹಂಚು ಇಳಿಸಿದ ಕೈ ಅದು. ಅಂಥದ್ದನ್ನು ಅವಳು ಇಪ್ಪತ್ತು ವರ್ಷದಲ್ಲಿ ಕುಡಿದಿರಲಿಲ್ಲ. ಬೂದಿ ಇದ್ದದ್ದು ತನ್ನ ಬಾಯಲ್ಲಿ.

ಎದ್ದು ದ್ರೌಪತಿಯ ಮನೆಯ ತನಕ ಹೋದಳು. ಒಳಗೆ ದ್ರೌಪತಿಯ ಅತ್ತೆ ಅವಳನ್ನು ಬೈಯುವುದು ಕೇಳಿಸಿತು: "ಓಣ್ಯಾಗ ಮಾರಿ ತೋರಸಲಾರದಂಗ ಮಾಡ್ದಿ." ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ನಾಳೆ ಹೇಳಿದರಾಯಿತು ಎಂದು ತಿರುಗಿ ಬಂದಳು. ಮರುದಿನ ಸುಮನಬಾಯಿ ಮದುವೆಯ ಗಡಿಗೆಗಳಿಗೆ ಜೋಳ ನೆನೆಹಾಕಿದ್ದು ಕಂಡಿತು. ಇನ್ನು ಹೇಳಿ ಏನು ಫಾಯದೆ ಎನಿಸಿತು. ಹೀಗೆ ಹತ್ತು ದಿನ. ಆ ಹತ್ತೂ ದಿನ ಅವಳು ಬಾವಿಗೆ ಬೇರೆ ದಾರಿ ಹಿಡಿದು ಹೋದಳು.

ಮದುವೆಗೆ ಓಣಿಯ ಹೆಂಗಸರೆಲ್ಲ ಬಸ್ಸಿನಲ್ಲಿ ಹುಮನಾಬಾದಿಗೆ ಹೋದರು. ದ್ರೌಪತಿಯೂ ಬಂದಿದ್ದಳು, ಸುಮನಬಾಯಿ ಅವಳನ್ನು ಪಾತ್ರೆ ತಿಕ್ಕಲು ಕರೆತಂದಿದ್ದಳು. ಊಟದ ಹೊತ್ತಿಗೆ ಮಾಣಿಕಪ್ಪ ಹಂದರದ ನಡುವೆ ಸರುಬಾಯಿಯನ್ನು ಮಣೆಯ ಮೇಲೆ ಕೂರಿಸಿ, ಮನೆಯ ಹೆಂಗಸರ ಕೈಯಿಂದ ಕುಪ್ಪಸದ ಖಣ, ಕಾಯಿ ಉಡಿ ತುಂಬಿಸಿದ.

"ಬೀಗರೆಲ್ಲಾ ವಾಹ್ವಾ ಅನ್ನಾಕತ್ತಾರ ಬಾಯಿ. ನಿಮ್ಮ ನಾಲಿಗಿ ಅಂದ್ರ ನಾಲಿಗಿ!"

ಹಂದರದ ಅಂಚಿನಲ್ಲಿ ಬೂದಿ ಹಚ್ಚಿ ಕೊಪ್ಪರಿಗೆ ತಿಕ್ಕುತ್ತಿದ್ದ ದ್ರೌಪತಿ ತಲೆ ಎತ್ತಲಿಲ್ಲ. ಯಾರೋ "ಏ ಸೀದಾಕಿ, ನೀರು ತಾ" ಎಂದರು. ಅವಳು ಆ ಹೆಸರಿಗೇ ಎದ್ದಳು. ತನ್ನದೇ ಹೆಸರು ಎನ್ನುವಂತೆ ಎದ್ದಳು. ಅದನ್ನು ನೋಡಿ ಸರುಬಾಯಿಗೆ ಮಣೆಯ ಮೇಲೆ ಕೂರಲಾಗಲಿಲ್ಲ.

"ಇದು ನನಗ ಬ್ಯಾಡ್ರಿ," ಎಂದು ಎದ್ದು ಉಡಿಯಲ್ಲಿದ್ದುದನ್ನು ಮಣೆಯ ಮೇಲೆ ಸುರಿದಳು. "ಅವತ್ತ ಮುಂಜಾನಿ ನಾ ಮಿಶ್ರಿ ತಿಕ್ಕಿದ್ದೆ. ದ್ರೌಪತಿದು ಸೀದಿರಲಿಲ್ಲ. ಮೂರು ಗೆರಿ ಅಕಿದಿತ್ತು. ಸಂಜಿಗೇ ನನಗ ಗೊತ್ತಾಗಿತ್ತು."

ಬೀಗರ ಕಡೆಯವನೊಬ್ಬ ಕಿಸಕ್ಕೆಂದು ನಕ್ಕ. ಮಾಣಿಕಪ್ಪನ ಮುಖ ಗಂಟಾಯಿತು.

"ಮಂದ್ಯಾಗ ನನ್ನ ಮಾನಾ ತೆಗದ್ರಿ ಬಾಯಿ. ಇದು ಹೇಳೋ ಟೈಮೇನು?"

"ಹಂಗಾರ ನಾ ಮಾಡಿದ್ದು ಮುಸುರಿ ನೀರೇನು?" ಸುಮನಬಾಯಿ ಸೆರಗು ಬಿಗಿದಳು. "ಮುದುಕಿಗಿ ಅರಳು ಮರಳು. ಮಿಶ್ರಿ ಬಿಡಾಕ ಆಗಂಗಿಲ್ಲಂದ್ರ ಸುಣ್ಣ ಯಾಕ ಹಿಡೀಬೇಕು?"

ಸರುಬಾಯಿ ದ್ರೌಪತಿಯ ಹತ್ತಿರ ಹೋಗಿ ನಿಂತಳು.

"ಸಂಜಿಗೇ ಗೊತ್ತಾಗಿತ್ತಲ್ರಿ ಅತ್ತಿ," ದ್ರೌಪತಿ ಬೂದಿಗೈ ಒರೆಸಿಕೊಳ್ಳುತ್ತ ಕೇಳಿದಳು, "ಹತ್ತ ದಿನಾ ಯಾಕ ಸುಮ್ಮಕಿದ್ರಿ?"

ಅಂಜಿಕೆ ಎಂದು ಸರುಬಾಯಿ ಹೇಳಬಹುದಿತ್ತು. ತಲೆ ತಗ್ಗಿಸಿದಳು. ದ್ರೌಪತಿ ಇನ್ನೊಂದು ಪಾತ್ರೆ ಎಳೆದುಕೊಂಡಳು.

ಮರಳುವಾಗ ಬಸ್ಸು ಗಿಜಿಗುಡುತ್ತಿತ್ತು. ಓಣಿಯ ಹೆಂಗಸರು ಸರಿದು ಸರಿದು ಕೂತರು. "ದ್ರೌಪತಿ, ಈ ಕಡಿ ಬಾ, ಇಲ್ಲಿ ಜಾಗಾ ಅದ," ಎಂದಳು ಒಬ್ಬಳು. ಕರೆದದ್ದು ತನ್ನನ್ನೇ ಎಂದು ತಿಳಿಯಲು ದ್ರೌಪತಿಗೆ ಒಂದು ಗಳಿಗೆ ಬೇಕಾಯಿತು.

ಸರುಬಾಯಿಗೆ ಯಾರೂ ಜಾಗ ಮಾಡಿಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಮೇಲಿನ ಸರಳು ಹಿಡಿದು ಮುಡಬಿಯ ತನಕ ನಿಂತೇ ಬಂದಳು.