ಇಪ್ಪತ್ತೈದು ಮಿಲಿಮೀಟರ್

ಸ್ಟಿಕ್ಕಿನ ಬಾಗಿನ ವಿಷಯದಲ್ಲಿ ನನಗೂ ನಮ್ಮಪ್ಪನಿಗೂ ಹತ್ತು ವರ್ಷದಿಂದ ಜಗಳ. ಹಾಕಿ ಸ್ಟಿಕ್ ಅಂದರೆ ಆದಷ್ಟು ನೆಟ್ಟಗಿರಬೇಕು ಅಂತ ಅವರು, ನನ್ನ ಹೊಡೆತಕ್ಕೆ ಬಾಗು ಬೇಕೇ ಬೇಕು ಅಂತ ನಾನು. "ನಾಯಿ ಬಾಲದ ಥರ ಇರೋದನ್ನ ಹಿಡ್ಕೊಂಡು ಏನೇ ಆಡ್ತೀಯ, ರಂಜನಿ?" ಅಂತ ರೇಗಿಸುತ್ತಿದ್ದರು. ನನ್ನ ಪೂರ್ತಿ ಹೆಸರು ಶ್ರೀರಂಜನಿ. ಹುಟ್ಟಿದಾಗ ರಾಗದ ಹೆಸರಿಟ್ಟು, ಏಳು ತುಂಬುವ ಹೊತ್ತಿಗೆ ಮೈದಾನಕ್ಕೆ ಎಳೆದುಕೊಂಡು ಹೋದವರು ಇದೇ ಅಪ್ಪ. ಹಾಡು ಕಲಿಸಿದ್ದರೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ.

ಅವರ ಕಾಲದ ಆಟವೇ ಬೇರೆ. ತುಮಕೂರು ರಸ್ತೆಯ ಸರ್ಕಾರಿ ಫ್ಯಾಕ್ಟರಿಯೊಂದರ ತಂಡಕ್ಕೆ ಅವರು ಫುಲ್ ಬ್ಯಾಕ್. ಮಣ್ಣಿನ ಮೈದಾನ, ಮರದ ಸ್ಟಿಕ್. ಎದುರಾಳಿಯ ತಪ್ಪಿಗೆ ಪೆನಾಲ್ಟಿ ಕಾರ್ನರ್ ಸಿಕ್ಕರೆ ಚೆಂಡು ನಿಲ್ಲಿಸಿಕೊಂಡು ಬೀಸಿ ಬಾರಿಸುವುದು, ಅಷ್ಟೇ. ಬಾರಿಸುವವರಿಗೆ ನೆಟ್ಟಗಿನ ಸ್ಟಿಕ್ಕೇ ಸರಿ, ನಾನೂ ಒಪ್ಪುತ್ತೇನೆ. ಬಾಗು ಹೆಚ್ಚಿದ್ದರೆ ಬೀಸಿದ ಚೆಂಡು ಮೇಲೆದ್ದು ಎಲ್ಲಿಗೋ ಹೋಗುತ್ತದೆ. ಆದರೆ ನಾನು ಬಾರಿಸುವವಳಲ್ಲ, ಎಳೆದು ಎಸೆಯುವವಳು. ಡ್ರ್ಯಾಗ್ ಫ್ಲಿಕ್ ಅನ್ನುತ್ತಾರೆ. ಚೆಂಡನ್ನು ಸ್ಟಿಕ್ಕಿಗೆ ತಾಗಿಸಿಕೊಂಡೇ ಎರಡು ಹೆಜ್ಜೆ ಎಳೆದು, ಸೊಂಟ ತಿರುಗಿಸಿ, ಗೋಲಿನ ಮೇಲಿನ ಮೂಲೆಗೆ ಚಿಮ್ಮಿಸಬೇಕು. ಎಳೆಯುವಷ್ಟು ಹೊತ್ತು ಚೆಂಡು ಜಾರಬಾರದು. ಅದಕ್ಕೇ ಸ್ಟಿಕ್ಕಿನ ಕೆಳಗಡೆ, ತಲೆಯಿಂದ ಒಂದು ಗೇಣು ಮೇಲೆ, ಬಾಗು ಬೇಕು. ಸೊಂಟದ ಮೇಲೆ ಮಗು ಕೂತ ಹಾಗೆ ಚೆಂಡು ಅಲ್ಲಿ ಕೂರುತ್ತದೆ.

ಎಷ್ಟು ಬೇಕೋ ಅಷ್ಟು ಬಾಗಿಸಿಕೊಳ್ಳುವ ಹಾಗಿಲ್ಲ. ನಿಯಮದ ಪ್ರಕಾರ ಇಪ್ಪತ್ತೈದು ಮಿಲಿಮೀಟರ್ ಮೀರಬಾರದು. ಬೇರೆ ಮನೆಗಳಲ್ಲಿ ಇದು ಬರೀ ಒಂದು ಸಂಖ್ಯೆ. ನಮ್ಮ ಮನೆಯಲ್ಲಿ ಹಾಗಲ್ಲ, ಯಾಕೆಂದರೆ ಅಪ್ಪ ಮೂವತ್ತನಾಲ್ಕು ವರ್ಷ ಟೂಲ್ ರೂಮಿನಲ್ಲಿ ಇನ್‌ಸ್ಪೆಕ್ಷನ್ ಮಾಡಿದವರು. ಬೇರೆಯವರು ಮಾಡಿದ್ದನ್ನು ಅಳೆದು ಸರಿ ಅಥವಾ ತಪ್ಪು ಅನ್ನುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಚಟ ಬಿಡಲಿಲ್ಲ. ಅಮ್ಮ ಚಪಾತಿ ಲಟ್ಟಿಸಿದರೆ "ಅಂಚು ದಪ್ಪ" ಅನ್ನುವರು. ಬಡಗಿ ಬಾಗಿಲು ಕೂರಿಸಿದರೆ ಸಂದಿಗೆ ಹಾಳೆ ತೂರಿಸಿ ನೋಡುವರು. "ಕೃಷ್ಣಸ್ವಾಮಿ ಪಾಸ್ ಮಾಡಿದ್ರೆ ದೇವ್ರೇ ಪಾಸ್ ಮಾಡ್ದ ಹಾಗೆ" ಅಂತ ಅವರ ಹಳೇ ಸಹೋದ್ಯೋಗಿಗಳು ಇವತ್ತಿಗೂ ಹೇಳುತ್ತಾರೆ. ಫೇಲ್ ಮಾಡಿದರೆ ಯಾರು ಮಾಡಿದ ಹಾಗೆ ಅಂತ ಯಾರೂ ಹೇಳುವುದಿಲ್ಲ.

ಈ ವರ್ಷ ಒಂದು ಸಾರ್ವಜನಿಕ ಉದ್ದಿಮೆಯವರು ಕ್ರೀಡಾ ಕೋಟಾದಲ್ಲಿ ಮಹಿಳಾ ಹಾಕಿ ತಂಡಕ್ಕೆ ಆಟಗಾರ್ತಿ ಬೇಕು ಅಂತ ಕರೆದರು. ಒಂದೇ ಹುದ್ದೆ, ಪೆನಾಲ್ಟಿ ಕಾರ್ನರ್ ಹೊಡೆಯುವವಳಿಗೆ. ವಯಸ್ಸು ಇಪ್ಪತ್ತೇಳು ದಾಟಿರಬಾರದು. ನನಗಾಗ ಇಪ್ಪತ್ತಾರು ವರ್ಷ ಹತ್ತು ತಿಂಗಳು. ಹೂಡಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಪಿ.ಟಿ. ಟೀಚರ್, ಹನ್ನೊಂದು ತಿಂಗಳ ಕರಾರು, ಪ್ರತಿ ಜೂನ್‌ನಲ್ಲೂ ಕೈಕಟ್ಟಿ ನಿಂತು ಮುಂದುವರಿಸಿಕೊಳ್ಳಬೇಕು. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಮಕ್ಕಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸಿ ಬರುತ್ತೇನೆ. ಆ ಹುದ್ದೆ ಸಿಕ್ಕಿದ್ದರೆ ಜೀವನಪೂರ್ತಿ ಆಡಿಕೊಂಡು ಇರಬಹುದಿತ್ತು. ಮುಂದಿನ ವರ್ಷ ಕರೆದರೂ ಅದು ನನಗಲ್ಲ.

ಹಾಗಾಗಿ ಹೊಸ ಸ್ಟಿಕ್ ತರಲು ಜಾಲಹಳ್ಳಿ ಕ್ರಾಸಿನ ಹತ್ತಿರ ದೇವರಾಜ್ ಅಂಗಡಿಗೆ ಇಬ್ಬರೂ ಹೋದೆವು. ಅವನು ಮೂರು ಸ್ಟಿಕ್ ಮುಂದಿಟ್ಟ: ಒಂದು ಹೆಚ್ಚುಕಮ್ಮಿ ನೆಟ್ಟಗೆ, ಒಂದು ನಡುವೆ ಬಾಗಿದ್ದು, ಒಂದು ಕೆಳಗೆ ಬಾಗಿದ್ದು. ನಾನು ಅಂಗಡಿಯ ಸಿಮೆಂಟ್ ನೆಲದ ಮೇಲೇ ಚೆಂಡು ಎಳೆದೆಳೆದು ನೋಡಿದೆ. ಮೂರನೆಯದರಲ್ಲಿ ಚೆಂಡು ಕೂತು, ನಾನು ಬಿಡು ಅಂದಾಗಲೇ ಬಿಟ್ಟಿತು. ಅಪ್ಪ ಜೇಬಿನಿಂದ ವರ್ನಿಯರ್ ತೆಗೆದು ಗಾಜಿನ ಕೌಂಟರ್ ಮೇಲೆ ಅಳೆದರು.

"ಇಪ್ಪತ್ನಾಲ್ಕು ಪಾಯಿಂಟ್ ಆರು," ಅಂದರು. "ಪಾಸು. ನಿನ್ ಕೈಗೆ ಇದೇ ಸರಿ ಬಿಡು."

ಹತ್ತು ವರ್ಷದ ಜಗಳ ಗೆದ್ದೆ ಅಂತ ನನಗೆ ಕುಣಿಯುವಷ್ಟು ಸಂತೋಷವಾಯಿತು. "ಇದೂ ಬ್ಯಾಗಲ್ಲಿರ್ಲಿ, ಒಂದಿಲ್ದಿದ್ರೆ ಇನ್ನೊಂದು," ಅಂತ ನೆಟ್ಟಗಿದ್ದದ್ದನ್ನೂ ಅವರು ಕಟ್ಟಿಸಿಕೊಂಡರು.

ಟ್ರಯಲ್ಸ್ ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಸ್ಟಿಕ್ ಅಳೆಯಲು ಅಪ್ಪನನ್ನೇ ಕರೆದಿದ್ದರು. ಅಳೆಯುವ ಸಾಧನವನ್ನು ಅವರೇ ಮಾಡಿದ್ದು, ಸುತ್ತಮುತ್ತಲ ಟೂರ್ನಮೆಂಟುಗಳಿಗೆಲ್ಲ ಅದೇ ಹೋಗುತ್ತದೆ. ಪೀಣ್ಯದಲ್ಲಿ ಮುಚ್ಚಿಹೋದ ವರ್ಕ್‌ಶಾಪೊಂದರಿಂದ ತಂದ ಗ್ರಾನೈಟ್ ಹಲಗೆ, ಜೊತೆಗೆ ಸರಿಯಾಗಿ ಇಪ್ಪತ್ತೈದು ಮಿಲಿಮೀಟರ್ ದಪ್ಪದ ಉಕ್ಕಿನ ಪಿನ್. ಸ್ಟಿಕ್ಕನ್ನು ಹಲಗೆಯ ಮೇಲೆ ಬೋರಲು ಮಲಗಿಸಬೇಕು. ಬಾಗಿದ ಜಾಗದ ಅಡಿಯಲ್ಲಿ ಪಿನ್ ತೂರಿದರೆ ಸ್ಟಿಕ್ ಔಟ್, ತೂರದಿದ್ದರೆ ಪಾಸ್. ಮಾತಿಗೆ ಜಾಗವೇ ಇಲ್ಲ.

"ನಿಮ್ ಮಗಳೂ ಇದಾಳಂತಲ್ಲ ಸಾರ್, ಪರ್ವಾಗಿಲ್ವಾ?" ಅಂತ ಅಲ್ಲಿಯ ಕ್ರೀಡಾಧಿಕಾರಿ ಸಿದ್ದಲಿಂಗಯ್ಯ ಕೇಳಿದರು.

"ಪಿನ್ನಿಗೆ ಮಗಳು ಗೊತ್ತಿಲ್ಲ ಸಾರ್," ಅಂದರು ಅಪ್ಪ. ನಾನು ಪಕ್ಕದಲ್ಲೇ ನಿಂತಿದ್ದೆ. ಹೆಮ್ಮೆಯಾಯಿತು ಅಂತ ಹೇಳಿಕೊಳ್ಳಲು ಈಗ ನಾಚಿಕೆ.

ನನ್ನದು ನಾಲ್ಕನೇ ಸ್ಟಿಕ್. ಅಪ್ಪ ಮಲಗಿಸಿದರು, ಪಿನ್ ಹಚ್ಚಿದರು. ಪಿನ್ ಒಳಗೆ ಹೋಯಿತು. ತೆಗೆದು, ಬಟ್ಟೆಯಲ್ಲಿ ಹಲಗೆ ಒರೆಸಿ, ಮತ್ತೆ ಹಚ್ಚಿದರು. ಮತ್ತೆ ಹೋಯಿತು, ಸ್ವಲ್ಪ ಉಜ್ಜಿಕೊಂಡು.

"ಔಟು," ಅಂದರು.

"ಅಪ್ಪ, ಅಂಗಡೀಲಿ ನೀವೇ ಅಳೆದಿದ್ರಲ್ಲ?"

"ಅಂಗಡೀದು ಅಂಗಡೀಲಿ. ಇಲ್ಲಿ ಪಿನ್ ಹೋಗ್ತಿದೆ."

ಸಿದ್ದಲಿಂಗಯ್ಯನವರು ಬಗ್ಗಿ ನೋಡಿದರು. "ಕೂದಲೆಳೆಯಷ್ಟು ಸಾರ್. ಹೋಗ್ಲಿ ಬಿಡಿ."

"ಕೂದಲೆಳೆ ನೋಡೋಕೇ ಸಾರ್ ಪಿನ್ ಮಾಡಿರೋದು," ಅಂತ ಅಪ್ಪ ನನ್ನ ಸ್ಟಿಕ್ಕಿಗೆ ಕೆಂಪು ಟೇಪು ಸುತ್ತಿ ಬದಿಗಿಟ್ಟರು. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಯಾರೋ ಹಿಂದಿನಿಂದ "ಮನುಷ್ಯ ಅಂದ್ರೆ ಇವ್ರಪ್ಪ" ಅಂದರು. ಅಪ್ಪನ ಬೆನ್ನು ನೆಟ್ಟಗಾಗಿದ್ದು ನನಗೆ ಕಾಣಿಸಿತು.

ಜಗಳವಾಡಬಹುದಿತ್ತು. ಆಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಆಡಿಕೊಳ್ಳುತ್ತಾರೆ ಅನ್ನುವ ಭಯ. ನೆಟ್ಟಗಿನ ಸ್ಟಿಕ್ ಎತ್ತಿಕೊಂಡು ಮೈದಾನದ ಆ ಕಡೆಯ ಗೋಲಿಗೆ ಹೋಗಿ, ನನ್ನ ಸರದಿ ಬರುವವರೆಗೆ ಅದರಲ್ಲೇ ಎಳೆದು ಎಸೆದು ನೋಡಿದೆ. ಹತ್ತು ವರ್ಷ ಒಂದು ರೀತಿ ಪಳಗಿದ ಮಣಿಕಟ್ಟು ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ರೀತಿ ತಿರುಗುವುದಿಲ್ಲ. ಚೆಂಡು ಒಂದು ಹೆಜ್ಜೆ ಮೊದಲೇ ಜಾರಿಹೋಗುತ್ತಿತ್ತು.

ಒಬ್ಬೊಬ್ಬರಿಗೆ ಹತ್ತು ಹೊಡೆತ. ನಾನು ಮೂರು ಗೋಲು ಮಾಡಿದೆ. ಉಳಿದವು ನೆಲಕ್ಕಂಟಿಕೊಂಡು ಹೋಗಿ ಗೋಲ್‌ಕೀಪರ್ ಪ್ಯಾಡಿಗೆ ಬಡಿದವು. ಕೊನೆಯಲ್ಲಿ ಬಂದ ದೀಪಶ್ರೀ ಆರು ಮಾಡಿದಳು. ಹೂಡಿಯವಳೇ, ಅವರ ಹೊಲದ ಮೇಲೆ ಈಗ ಮೂರು ಪಿ.ಜಿ. ಕಟ್ಟಡಗಳಿವೆ. ಅಭ್ಯಾಸದಲ್ಲಿ ನಾನು ಎಂಟಕ್ಕೆ ಕಡಿಮೆ ಮಾಡಿದ್ದೇ ಇಲ್ಲ ಅಂತ ಅವಳಿಗೂ ಗೊತ್ತು. "ನಿನ್ ಸ್ಟಿಕ್ ಇದ್ದಿದ್ರೆ ನೀನೇ ಗೆಲ್ತಿದ್ದೆ ಕಣಕ್ಕ. ಇಂಗಾಗ್ಬಾರ್ದಿತ್ತು," ಅಂತ ಕೈ ಹಿಡಿದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹುದ್ದೆ ಅವಳಿಗೆ ಸಿಕ್ಕಿತು.

ಮನೆಗೆ ಬಂದ ಮೇಲೆ ಅಮ್ಮ ವಿಷಯ ಕೇಳಿ, ಅಪ್ಪನ ಮುಂದೆ ತಟ್ಟೆ ಕುಕ್ಕಿ, "ಊರಿಗೆ ಉಪಕಾರಿ, ಮನೆಗೆ ಮಾರಿ," ಅಂದು ಒಳಗೆ ಹೋದರು. ಅಪ್ಪ ಅನ್ನ ಕಲಸಿ ಹಾಗೇ ಬಿಟ್ಟರು. ಆದರೆ ಆ ಸಪ್ಪೆ ಮೋರೆ ಎರಡೇ ದಿನ. ಸುದ್ದಿ ಹಬ್ಬಿತು. ಬೆಳಗಿನ ವಾಕಿಂಗಿನಲ್ಲಿ ಜನ ನಿಲ್ಲಿಸಿ ಕೈ ಕುಲುಕತೊಡಗಿದರು. "ಅಳತೆಗೆ ಮಗಳೂ ಇಲ್ಲ ಮಗನೂ ಇಲ್ಲ" ಅನ್ನುವ ಮಾತನ್ನು ಅಪ್ಪ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೇಳಲು ಕಲಿತರು. ನಾನು ಅದನ್ನೂ ನುಂಗಿಕೊಂಡೆ. ಬಾಗು ಹೆಚ್ಚಿತ್ತು, ಹಾಗಾಗಿ ಔಟ್. ನ್ಯಾಯ ನ್ಯಾಯವೇ ಅಂತ ಹೂಡಿಯವರೆಗಿನ ಮೆಟ್ರೋದಲ್ಲಿ ದಿನಾ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೂರು ವಾರ ಕಳೆದ ಮೇಲೆ, ಬೆವರು ಹಿಡಿದು ನಾರುತ್ತಿದ್ದ ಹಿಡಿಯ ಪಟ್ಟಿಯನ್ನು ಬದಲಾಯಿಸೋಣ ಅಂತ ಆ ಸ್ಟಿಕ್ ತೆಗೆದೆ. ನನ್ನ ಅಂಗೈ ಬೆವರುತ್ತದೆ ಅಂತ ಟ್ರಯಲ್ಸ್‌ನ ಹಿಂದಿನ ದಿನ ಹಿಡಿಗೆ ಎರಡನೇ ಪಟ್ಟಿ ಸುತ್ತಿತ್ತು. ಸುತ್ತಿಕೊಟ್ಟಿದ್ದು ಅಪ್ಪನೇ, ಒಂದು ಸುತ್ತೂ ಏರುಪೇರಿಲ್ಲದ ಹಾಗೆ. ಅದನ್ನು ಬಿಚ್ಚಿದೆ. ಹಲಗೆ, ಪಿನ್ ಎರಡೂ ಹಜಾರದಲ್ಲೇ ಇದ್ದವು. ಏನನ್ನಿಸಿತೋ, ಸ್ಟಿಕ್ ಮಲಗಿಸಿ ಪಿನ್ ಹಚ್ಚಿದೆ.

ಹೋಗಲಿಲ್ಲ.

ಅದೇ ಪಟ್ಟಿಯನ್ನು ಮತ್ತೆ ಸುತ್ತಿ ಹಚ್ಚಿದೆ. ಹೋಯಿತು. ಬಿಚ್ಚಿದೆ. ಹೋಗಲಿಲ್ಲ. ದಪ್ಪ ಪಟ್ಟಿ ಹಿಡಿಯ ತುದಿಯನ್ನು ಹಲಗೆಯಿಂದ ಎತ್ತುತ್ತಿತ್ತು. ಹಿಡಿಯ ಜೊತೆ ಬಾಗಿನ ಜಾಗವೂ ಅರ್ಧ ಮಿಲಿಮೀಟರ್ ಏಳುತ್ತಿತ್ತು. ಅಳೆಯಬೇಕಾದ್ದು ಸ್ಟಿಕ್ಕಿನ ಬಾಗನ್ನು, ಸುತ್ತಿದ ಪಟ್ಟಿಯನ್ನಲ್ಲ ಅಂತ ಟ್ರಯಲ್ಸ್‌ನ ನಿಯಮದ ಹಾಳೆಯಲ್ಲೇ ಇತ್ತು. ನನ್ನ ಸ್ಟಿಕ್ ಸರಿಯಾಗಿಯೇ ಇತ್ತು. ನೆಲದ ಮೇಲೆ ಕೂತು ಅತ್ತೆ. ಆ ಅಳುವಿನಲ್ಲೂ ನನಗೆ ಹೊಳೆದದ್ದು ಅಪ್ಪನ ಚಿಂತೆ: ಇದು ತಿಳಿದರೆ ಈ ಮನುಷ್ಯ ಉಳಿಯುತ್ತಾರಾ? ಮೂವತ್ತನಾಲ್ಕು ವರ್ಷದ ಹೆಸರು. ಆಯ್ಕೆ ಮುಗಿದಿದೆ, ದೀಪಶ್ರೀ ಕೆಲಸಕ್ಕೆ ಸೇರಿಯೂ ಆಗಿದೆ. ಬಾಯಿ ಮುಚ್ಚಿಕೊಂಡಿರೋಣ ಅಂದುಕೊಂಡೆ.

ಮುಚ್ಚಿಕೊಂಡೇ ಇರುತ್ತಿದ್ದೆ. ಆದರೆ ಕಳೆದ ಭಾನುವಾರ ನಿವೃತ್ತ ನೌಕರರ ಸಂಘದವರು ಅಪ್ಪನಿಗೆ ಸನ್ಮಾನ ಇಟ್ಟುಕೊಂಡರು. ಪೇಟ, ಶಾಲು, ಹಣ್ಣಿನ ಬುಟ್ಟಿ. ನನ್ನನ್ನೂ ವೇದಿಕೆಗೆ ಕರೆದು ಅವರ ಪಕ್ಕ ನಿಲ್ಲಿಸಿದರು, ಬಲಿ ಕೊಟ್ಟ ಕುರಿಯನ್ನು ತೋರಿಸಬೇಕಲ್ಲ. ಅಪ್ಪ ಮೈಕಿನಲ್ಲಿ, "ಅವತ್ತು ನನ್ ಕೈ ನಡುಗ್ಲಿಲ್ಲ," ಅಂದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಮನೆಗೆ ಬಂದು, ಅವರು ಪೇಟ ತೆಗೆಯುವುದಕ್ಕೂ ಬಿಡದೆ, ಪಟ್ಟಿ ಬಿಚ್ಚಿದ ಸ್ಟಿಕ್ಕನ್ನು ಹಲಗೆಯ ಮೇಲಿಟ್ಟೆ. "ಪಿನ್ ಹಾಕಿ ನೋಡಿ ಅಪ್ಪ," ಅಂದೆ.

ಅವರು ಸ್ಟಿಕ್ ನೋಡಲಿಲ್ಲ, ಪಿನ್ನನ್ನೂ ನೋಡಲಿಲ್ಲ. ಕುರ್ಚಿಯಲ್ಲಿ ಕೂತರು.

"ಗೊತ್ತು," ಅಂದರು.

"ಏನ್ ಗೊತ್ತು?"

"ಪಟ್ಟಿ ಎತ್ತಿದೆ ಅಂತ."

"ಯಾವಾಗ ಗೊತ್ತಾಯ್ತು?"

"ಅವತ್ತೇ." ಶಾಲಿನ ಅಂಚು ಹಿಡಿದು ಸುಮ್ಮನೆ ತೀಡುತ್ತಿದ್ದರು. "ಕೊನೇಲಿ ಆ ಹೂಡಿ ಹುಡುಗಿ ಬಂದ್ಳಲ್ಲ, ದೀಪಶ್ರೀ. ಅವ್ಳದ್ದಕ್ಕೂ ಪಿನ್ ಹೋಯ್ತು. ಹಿಡಿ ದಪ್ಪ ಕಾಣ್ತು. ಬಿಚ್ಚಮ್ಮ ಅಂದೆ. ಬಿಚ್ಚಿದ್ಮೇಲೆ ಹೋಗ್ಲಿಲ್ಲ. ಪಾಸ್ ಮಾಡ್ದೆ."

ನಾನು ಆಗ ಮೈದಾನದ ಆ ತುದಿಯಲ್ಲಿ ನೆಟ್ಟಗಿನ ಸ್ಟಿಕ್ ಹಿಡಿದು ಒದ್ದಾಡುತ್ತಿದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು. ನನ್ನ ಹೊಡೆತಗಳಿಗೆ ಇನ್ನೂ ಹೊತ್ತಿತ್ತು.

"ಅವ್ಳದನ್ನ ಬಿಚ್ಚಿ ಅಳೆದ್ರಿ. ನನ್ನ ಯಾಕಪ್ಪ ಕರೀಲಿಲ್ಲ?"

"ಎಲ್ರೂ ನೋಡ್ತಿದ್ರು. ಒಂದ್ಸಲ ಔಟ್ ಅಂದ್ಬಿಟ್ಟು ಮತ್ತೆ ಕರೆದ್ರೆ ಏನಂತಾರೆ ಜನ?"

"ಸರಿ ಅಳತೆ ಅಂತಾರೆ!"

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಇಷ್ಟೂ ಅರ್ಥವಾಗುವುದಿಲ್ಲವಲ್ಲ ಇವಳಿಗೆ ಅನ್ನುವ ಹಾಗೆ, ನಿಜವಾದ ಬೇಸರದಲ್ಲಿ.

"ಬೇರೆಯೋರ ಮಗಳಾಗಿದ್ರೆ ಕರೀತಿದ್ದೆ ಕಣೇ," ಅಂದರು. "ನೀನು ನನ್ ಮಗಳಲ್ವಾ?"

ಹುಟ್ಟಿದಂದಿನಿಂದ ಆ ಮಾತು ಕೇಳಿದ್ದೇನೆ. ಬೈಗುಳದ ಹಾಗೆ ಕೇಳಿಸಿದ್ದು ಅದೇ ಮೊದಲು.