ಜಿಂಕೆ ಬೇಟೆಯ ಸೋಪಿನ ಪುಡಿ

ನನ್ನ ಹೆಂಡತಿ ಇರ್ಮಾ ಮಾಡುವ ಬಟ್ಟೆ ಸೋಪಿನ ಪುಡಿಗೆ ನಮ್ಮೂರಲ್ಲಿ ದೊಡ್ಡ ಹೆಸರು. ವಿಸ್ಕಾನ್ಸಿನ್ನಿನ ಉತ್ತರದ ತುದಿಯಲ್ಲಿರುವ ನಮ್ಮೂರು ಅಂಥ ದೊಡ್ಡದೇನಲ್ಲ, ಆದರೂ ಹೆಸರು ಹೆಸರೇ. ಸೋಪಿನ ಬಿಲ್ಲೆಗಳನ್ನು ಕ್ಯಾರೆಟ್ ತುರಿದ ಹಾಗೆ ತುರಿದು, ವಾಷಿಂಗ್ ಸೋಡಾ, ಬಿಳಿಗಾರ ಬೆರೆಸಿ, ಕೊನೆಗೆ ಲ್ಯಾವೆಂಡರ್ ಎಣ್ಣೆಯನ್ನು ಕೈಯೆತ್ತಿ ಸುರಿಯುತ್ತಾಳೆ. ಅವಳ ಅಮ್ಮ ಹಾಗೆಯೇ ಮಾಡುತ್ತಿದ್ದರಂತೆ. ಕ್ರಿಸ್‌ಮಸ್ ಬಂತೆಂದರೆ ಚರ್ಚಿನ ಅರ್ಧ ಜನಕ್ಕೆ ರಿಬ್ಬನ್ ಕಟ್ಟಿದ ಜಾಡಿ ಹೋಗುತ್ತದೆ. ಭಾನುವಾರ ಪ್ರಾರ್ಥನೆಗೆ ನಿಂತರೆ ಮುಂದಿನ ಮೂರು ಸಾಲಿನಿಂದಲೂ ನಮ್ಮ ಮನೆಯದೇ ಪರಿಮಳ.

ಆದರೆ ಆ ಪುಡಿ ನನ್ನ ಬೇಟೆಯ ಬಟ್ಟೆಯ ಹತ್ತಿರ ಸುಳಿಯಕೂಡದು. ಇದು ನಲವತ್ತೊಂದು ವರ್ಷದ ಜಗಳ. ಲ್ಯಾವೆಂಡರ್ ಪೂಸಿಕೊಂಡು ಕಾಡಿಗೆ ಹೋದರೆ ಜಿಂಕೆ ಎರಡು ಮೈಲಿ ಆಚೆಯಿಂದಲೇ ನನಗೆ ನಮಸ್ಕಾರ ಹೇಳಿ ಹೊರಟುಹೋಗುತ್ತದೆ. ಅದಕ್ಕೇ ನವೆಂಬರಿನಲ್ಲಿ ಬೇಟೆ ಶುರುವಾಗುವ ಶನಿವಾರಕ್ಕೆ ಎರಡು ವಾರ ಮೊದಲು ಗ್ಯಾರೇಜಿನಲ್ಲಿ ನನ್ನದೇ ಪುಡಿ ಮಾಡಿಕೊಳ್ಳುತ್ತೇನೆ. ವಾಸನೆಯಿಲ್ಲದ ಬಿಳಿ ಸೋಪು, ವಾಷಿಂಗ್ ಸೋಡಾ, ಅಡುಗೆ ಸೋಡಾ, ಅಷ್ಟೇ. ಟಬ್ಬಿನಲ್ಲಿ ಒಗೆದು, ಮೂರು ಸಲ ಜಾಲಿಸಿ, ಪೈನ್ ಮರಗಳ ನಡುವಿನ ಹಗ್ಗಕ್ಕೆ ಹಾಕುತ್ತೇನೆ. ಆ ಎರಡು ವಾರ ನನ್ನ ಟವೆಲ್ಲು, ದಿಂಬಿನ ಚೀಲ ಕೂಡ ಅದರಲ್ಲೇ ಒಗೆಯಬೇಕು.

"ಹೆಂಡ್ತಿ ವಾಸನೆ ಆಗಲ್ಲ, ಜಿಂಕೆ ಏನಂದ್ಕೊಳುತ್ತೋ ಅಂತ ಯೋಚ್ನೆ ನಿಮ್ಮಪ್ಪನಿಗೆ," ಎಂದು ಇರ್ಮಾ ಪ್ರತಿ ವರ್ಷ ಮಗಳಿಗೆ ಫೋನಿನಲ್ಲಿ ದೂರು ಹೇಳುತ್ತಾಳೆ. ನನಗೆ ಕೇಳಿಸಲಿ ಎಂದೇ ಜೋರಾಗಿ ಹೇಳುತ್ತಾಳೆ.

ಮಗಳು ಕಾರ್ಲಾ ಇಲ್ಲಿಂದ ಎರಡು ಗಂಟೆ ದೂರದಲ್ಲಿದ್ದಾಳೆ. ಅವಳ ಮಗಳು ಟಿಲ್ಲಿಗೆ ಆರು ವರ್ಷ. ಮಾತು ಪಟಪಟ, ಚರ್ಮ ಮಾತ್ರ ಬಲು ನಾಜೂಕು. ನಮ್ಮ ಮನೆಗೆ ಬಂದು ಎರಡು ದಿನ ಕಳೆಯಿತೆಂದರೆ ಕುತ್ತಿಗೆ, ಮೊಣಕೈ, ಮೊಣಕಾಲಿನ ಹಿಂದೆ ಎಲ್ಲ ಕೆಂಪಗಾಗಿ, ಕೆರೆದೂ ಕೆರೆದೂ ರಕ್ತ ಬರುತ್ತದೆ. ಸೆಂಟು ಇರುವ ಸೋಪು ಬಳಸಬೇಡ ಎಂದು ಕಾರ್ಲಾ ಎಷ್ಟೋ ಸಲ ಹೇಳಿದ್ದಳು.

"ಅದು ಅಂಗಡಿ ಸೋಪಿಗೆ ಹೇಳೋ ಮಾತು. ನಂದು ಮನೇಲಿ ಮಾಡಿದ್ದು. ಸೆಂಟೆಲ್ಲಿದೆ? ಹೂವಿನ ಎಣ್ಣೆ ಅದು," ಎನ್ನುತ್ತಿದ್ದಳು ಇರ್ಮಾ. ಅವಳ ಅನುಮಾನ ಮೊದಲು ನಮ್ಮ ನಾಯಿಯ ಮೇಲೆ ಬಿತ್ತು. ಪಾಪ, ಅದು ಗ್ಯಾರೇಜಿಗೆ ಹೋಯಿತು. ಆಮೇಲೆ ಬಾವಿಯ ನೀರಿನ ಮೇಲೆ. ಆಮೇಲೆ ನಾನು ಮಾಡುವ ಜಿಂಕೆ ಮಾಂಸದ ಸಾಸೇಜಿನ ಮೇಲೆ.

ತುರಿಕೆಗಿಂತ ದೊಡ್ಡ ಸಂಕಟ ಅವಳಿಗೆ ಇನ್ನೊಂದಿತ್ತು. ಟಿಲ್ಲಿ ತಾನಾಗಿ ಅವಳ ತೊಡೆ ಏರುತ್ತಿರಲಿಲ್ಲ. ಇರ್ಮಾ ಕೈಚಾಚಿ ಕರೆದರೆ ಹುಡುಗಿ ಒಂದು ನಿಮಿಷ ಕೂತು, ಕೊಸರಿಕೊಂಡು, ಇಳಿದು ನನ್ನ ಹತ್ತಿರ ಓಡಿಬರುತ್ತಿದ್ದಳು. ಅಜ್ಜಿ ಹೊಲಿದ ಕೌದಿಯನ್ನು ಕಾಲಲ್ಲಿ ಒದ್ದು ಕೆಳಗೆ ಹಾಕುತ್ತಿದ್ದಳು.

"ನಾನು ಅಂದ್ರೆ ಅವಳಿಗೆ ಆಗಲ್ಲ ವರ್ನ್," ಎಂದಳು ಇರ್ಮಾ ಒಮ್ಮೆ, ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ. ನಾನು ಪಕ್ಕದಲ್ಲಿ ನಿಂತು ತಟ್ಟೆ ಒರೆಸಿದೆ.

ಈ ಸಲ ಬೇಟೆಯ ಶನಿವಾರಕ್ಕೆ ಐದು ದಿನ ಮೊದಲು ಕಾರ್ಲಾ ಮಗುವನ್ನು ಒಂದು ವಾರಕ್ಕೆಂದು ಬಿಟ್ಟುಹೋದಳು. ಕಾರಿನ ಹತ್ತಿರ ನನಗೊಬ್ಬನಿಗೇ ಹೇಳಿದಳು: "ಅಪ್ಪಾ, ಈ ಸಲನೂ ಹಂಗೇ ಆದ್ರೆ ಇನ್ನು ಅವಳನ್ನ ಇಲ್ಲಿ ಉಳಿಸಲ್ಲ. ನೀವೇ ಬಂದು ನೋಡ್ಕೊಂಡು ಹೋಗಿ. ಅಮ್ಮನಿಗೆ ನೀನೇ ಹೇಳು, ನನ್ನಿಂದಾಗಲ್ಲ." ನಾನು ತಲೆಯಾಡಿಸಿದೆ. ಇರ್ಮಾಗೆ ಹೇಳಲಿಲ್ಲ. ನಲವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ದುಡಿದವನು ನಾನು, ಹೆಂಡತಿಯ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯ ಮಾತ್ರ ಬಂದಿಲ್ಲ.

ಬುಧವಾರದ ಹೊತ್ತಿಗೆ ಟಿಲ್ಲಿಯ ಮೈ ಕೆಂಪಾಯಿತು. ಗುರುವಾರ ಬೆಳಿಗ್ಗೆ ಇರ್ಮಾ, ಚರ್ಚಿನವರು ಪ್ರತಿ ವರ್ಷ ಹಾಕುವ ಬೇಟೆಗಾರರ ಊಟಕ್ಕೆ ಆಲೂಗಡ್ಡೆ ಸುಲಿಯಲು ಹೋಗಿದ್ದಳು. ಟಿಲ್ಲಿ ಮೇಪಲ್ ಪಾಕದ ಬಾಟಲಿಯನ್ನು ಮೈಮೇಲೆ ಬೋರಲು ಹಾಕಿಕೊಂಡಳು. ಅವಳ ಬಟ್ಟೆ ಎಲ್ಲಿದೆಯೋ ನನಗೇನು ಗೊತ್ತು? ಮೈ ತೊಳೆದು, ಹಗ್ಗದ ಮೇಲಿದ್ದ ನನ್ನ ಹಳೇ ಬೇಟೆ ಅಂಗಿ ತಂದು ಹಾಕಿದೆ. ಮೊಣಕಾಲು ಮುಟ್ಟುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡು, "ಅಜ್ಜಾ, ನಾನೂ ಬೇಟೆಗೆ ಬರ್ತೀನಿ," ಎಂದಳು. ಇರ್ಮಾ ಬಂದು ಎಷ್ಟು ಪುಸಲಾಯಿಸಿದರೂ ಬಿಚ್ಚಲಿಲ್ಲ. ರಾತ್ರಿ ಅದರಲ್ಲೇ ಮಲಗಿದಳು.

ಶುಕ್ರವಾರ ಬೆಳಿಗ್ಗೆ ತೋಳು ಮಡಿಸಿ ಮುಲಾಮು ಹಚ್ಚಲು ಹೋದವನು ಹಾಗೇ ನಿಂತೆ. ಅಂಗಿ ಮುಚ್ಚಿದ್ದಲ್ಲೆಲ್ಲ ಕೆಂಪು ಇಳಿದಿತ್ತು. ಹಾಸಿಗೆಗೆ ತಾಗಿದ ಕಾಲು ಮಾತ್ರ ಹಾಗೇ ಉರಿಯುತ್ತಿತ್ತು. ನನಗೆ ಅರ್ಥವಾಯಿತು. ಮುಲಾಮಿನ ಡಬ್ಬಿ ಹಿಡಿದುಕೊಂಡು, ಇದನ್ನು ಅವಳಿಗೆ ಹೇಗಪ್ಪಾ ಹೇಳುವುದು ಎಂದು ಯೋಚಿಸುತ್ತಿದ್ದಾಗ ಇರ್ಮಾ ನನ್ನ ಹಿಂದೆಯೇ ನಿಂತಿದ್ದಳು.

ಅವಳು ಬಗ್ಗಿ ಮಗುವಿನ ತೋಳು ನೋಡಿದಳು, ಕಾಲು ನೋಡಿದಳು. ಅಂಗಿಯ ತುದಿಯನ್ನು ಮೂಗಿಗೆ ಹಿಡಿದಳು. ಟಿಲ್ಲಿ ನಾಯಿಯನ್ನು ನೋಡಲು ಓಡಿದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು.

"ಆರು ವರ್ಷ," ಎಂದಳು.

"ನಿಂಗೇನು ಗೊತ್ತಿತ್ತು ಇರ್ಮಾ, ಬಿಡು."

"ಗೊತ್ತಿತ್ತು. ಕಾರ್ಲಾ ಹೇಳಿದ್ಲು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ." ಸ್ವಲ್ಪ ಹೊತ್ತು ತನ್ನ ಸ್ವೆಟರಿನ ತೋಳು ಎಳೆದು ಎಳೆದು ನೋಡಿಕೊಂಡಳು. ಆಮೇಲೆ ಎದ್ದಳು. "ನಿನ್ನ ಪುಡಿ ಎಲ್ಲಿದೆ? ತೋರ್ಸು."

ಉಳಿದಿದ್ದದ್ದು ಒಂದೇ ಡಬ್ಬಿ, ಮಾರನೆಯ ದಿನ ಬೇಟೆಗೆ ಹಾಕುವ ಬಟ್ಟೆಯನ್ನು ಕೊನೆಯ ಸಲ ಒಗೆಯಲೆಂದು ಇಟ್ಟಿದ್ದು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ಕೈ ಹಿಂದೆ ಬಂತು. ಆಮೇಲೆ ಕೊಟ್ಟೆ. ಅದು ಸಾಲದೆಂದು ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಹೊಸದು ತುರಿಯಲು ಕೂತೆವು.

"ಇಷ್ಟು ದಪ್ಪ ತುರಿದ್ರೆ ತಣ್ಣೀರಲ್ಲಿ ಕರಗುತ್ತಾ? ಇಷ್ಟು ವರ್ಷ ಸೋಪಿನ ತುಂಡು ಮೆತ್ಕೊಂಡೇ ಕಾಡಿಗೆ ಹೋಗ್ತಿದ್ದೆ ನೀನು!"

"ಜಿಂಕೆಗಳು ಯಾವತ್ತೂ ದೂರು ಹೇಳಿಲ್ಲ."

"ಹೇಳೋಕೆ ಎಲ್ಲಿ ಬಿಡ್ತೀಯ ಅವನ್ನ," ಎಂದು ತುರಿಮಣೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಬಿಳಿಗಾರ ಹಾಕಲಿಲ್ಲ. ಸೋಡಾ ಅಳೆದು ಬೆರೆಸಿದಳು. ಬೆರೆಸಿದ ಕೈ ತಾನಾಗಿಯೇ ಮೇಲಿನ ಕಪಾಟಿಗೆ ಹೋಗಿ ಲ್ಯಾವೆಂಡರಿನ ಸೀಸೆಯನ್ನು ಇಳಿಸಿತು. ಮುಚ್ಚಳವನ್ನೂ ತಿರುಗಿಸಿತು. ಆಮೇಲೆ ಅವಳಿಗೆ ಎಚ್ಚರವಾಯಿತು. ಮುಚ್ಚಳ ಬಿಗಿದು, ಗ್ಯಾರೇಜಿಗೆ ಹೋಗಿ, ಪೇಂಟ್ ಡಬ್ಬಿಗಳ ಹಿಂದೆ ಅದನ್ನಿಟ್ಟು ಬಂದಳು. ಅವಳಮ್ಮನ ಪರಿಮಳ ಅದು. ನನಗೆ ಅವಳ ಮೇಲೆ ಬಂದ ಪ್ರೀತಿಯನ್ನು ಹೇಗೆ ತೋರಿಸಲಿ, ಮೇಜು ಒರೆಸಿದೆ.

ಬಟ್ಟೆ ಒಗೆಯುವ ಯಂತ್ರಕ್ಕೇ ವಾಸನೆ ಹಿಡಿದಿತ್ತು. ಬಿಸಿನೀರು, ವಿನಿಗರ್ ಹಾಕಿ ಬರಿದೇ ಎರಡು ಸಲ ತಿರುಗಿಸಿದೆವು. ಆಮೇಲೆ ಹಾಸಿಗೆ ಬಟ್ಟೆ, ಕೌದಿ, ಟಿಲ್ಲಿಯ ಉಡುಪು, ಇರ್ಮಾಳ ಏಪ್ರನ್, ಅವಳ ಸ್ವೆಟರುಗಳು, ಒಂದಾದ ಮೇಲೊಂದು. ಪ್ರತಿಯೊಂದನ್ನೂ ಮೂರು ಸಲ ಜಾಲಿಸಿದೆವು. ನನ್ನ ಬೇಟೆ ಬಟ್ಟೆಯ ಸರದಿ ಬರಲೇ ಇಲ್ಲ. ಸಂಜೆ ಅವಳು ನನ್ನ ಬಿಳಿ ಸೋಪಿನಲ್ಲಿ ತಲೆಗೂದಲನ್ನೂ ತೊಳೆದುಕೊಂಡಳು.

ಶನಿವಾರ ಬೆಳಕು ಹರಿಯುವ ಮೊದಲೇ ನಾನು ಕಾಡಿನಲ್ಲಿ ಜಿಂಕೆ ಕಾಯುತ್ತಾ ಮರದ ಮೇಲೆ ಕೂತಿರಬೇಕಿತ್ತು. ಏಳು ಗಂಟೆಗೆ ಅಡುಗೆಮನೆಯಲ್ಲಿ ಪ್ಯಾನ್‌ಕೇಕ್ ಹೊಯ್ಯುತ್ತಿದ್ದೆ. ಇರ್ಮಾ ಕಾಫಿ ಹಿಡಿದು ಕೂತಿದ್ದಳು, ಮಗುವನ್ನು ಕರೆಯಬಾರದೆಂದು ಕೈಗಳನ್ನು ಲೋಟದ ಸುತ್ತ ಬಿಗಿದುಕೊಂಡು. ಟಿಲ್ಲಿ ಕೌದಿ ಹೊದ್ದುಕೊಂಡೇ ಮಹಡಿಯಿಂದ ಇಳಿದು ಬಂದಳು. ಅಭ್ಯಾಸದಂತೆ ನನ್ನ ಕಡೆ ಹೊರಟವಳು ಅಜ್ಜಿಯ ಪಕ್ಕ ನಿಂತು, ಸ್ವೆಟರಿನ ತೋಳಿಗೆ ಕೆನ್ನೆ ತಾಗಿಸಿ ನೋಡಿದಳು. ಇನ್ನೊಂದು ಸಲ ತಾಗಿಸಿದಳು.

"ಅಜ್ಜಿ, ನಿನ್ನ ಸ್ವೆಟರು ಕಚ್ಚೋದು ಬಿಟ್ಬಿಡ್ತಾ?"

"ಬಿಟ್ಬಿಡ್ತು ಕಂದಾ."

ಹುಡುಗಿ ಕೌದಿಯ ಸಮೇತ ತೊಡೆ ಏರಿ, ಎದೆಗೆ ಮುಖ ಒತ್ತಿ, ಇನ್ನೂ ಕಣ್ಣಿಗೆ ಅಂಟಿಕೊಂಡಿದ್ದ ನಿದ್ದೆಯನ್ನು ಮುಂದುವರಿಸಿದಳು. ಒಂದು ನಿಮಿಷ ಆಯಿತು. ಎರಡಾಯಿತು. ಇಳಿಯಲಿಲ್ಲ. ಇರ್ಮಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಲೂ ಅವಳು ಕೈ ಎತ್ತಲಿಲ್ಲ.

"ನೀನು ಕಾಡಿಗೆ ಹೋಗಲ್ವಾ?" ಎಂದು ತುಟಿಯಲ್ಲೇ ಕೇಳಿದಳು.

"ಒಗೆದ ಬಟ್ಟೆ ಇಲ್ಲ," ಎಂದೆ.

ಅಷ್ಟರಲ್ಲಿ ನನ್ನ ಪ್ಯಾನ್‌ಕೇಕ್ ಹೊತ್ತಿ ಹೊಗೆ ಎದ್ದಿತು. ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಇರ್ಮಾಳ ಮನೆಯಲ್ಲಿ ಅಂಥ ವಾಸನೆ ಒಂದು ಗಳಿಗೆಯೂ ನಿಂತದ್ದಿಲ್ಲ. ಕಿಟಕಿ ಅವಳ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವಳು ಅಲುಗಾಡಲಿಲ್ಲ.