ಗಾಲಿಗೆ ಇಡುವ ಕಲ್ಲು

ನಜೀರಸಾಬನ ಮನೆಯ ಬಾಗಿಲಲ್ಲಿ, ಕುಡಿಯುವ ನೀರಿನ ಕೊಡದ ಮಗ್ಗುಲಿಗೆ ಒಂದು ಕಲ್ಲಿತ್ತು. ಹಿಡಿದು ಹಿಡಿದು ಅದರ ಅಂಚು ಸವೆದು ನುಣುಪಾಗಿತ್ತು. ಕಟ್ಟೆಯ ಮೇಲೆ ಕುಳಿತ ಬೀರಪ್ಪನಿಗೆ ಅನುಮಾನ ಹುಟ್ಟಿದ್ದು ಅಲ್ಲಿಂದ.

ಅವನು ಸೊಸೆ ಅನ್ನಪೂರ್ಣಾಳೊಂದಿಗೆ ಸಿರಸಂಗಿಗೆ ಬಂದದ್ದು ನಜೀರಸಾಬ ಮಾರಲಿಟ್ಟ ಹಳೆಯ ವ್ಯಾನು ನೋಡಲು. ಅವಳು ಬೈಲಹೊಂಗಲದಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದಿದ್ದಳು. ಊರಿನ ಮಹಿಳಾ ಸಂಘದ ಹೆಂಗಸರನ್ನೂ ಅವರು ಬಡಿದ ರೊಟ್ಟಿಯನ್ನೂ ಪೇಟೆಗೆ ಒಯ್ಯುವ ವಿಚಾರವಿತ್ತು. ಮೊಮ್ಮಗಳೂ ಅದರಲ್ಲೇ ಹೋಗಿಬರುವವಳು. ಅಷ್ಟು ಜೀವಗಳನ್ನು ಪರೀಕ್ಷಿಸದ ಗಾಡಿಗೆ ಒಪ್ಪಿಸುವವನಲ್ಲ ಬೀರಪ್ಪ.

ದೂರದಲ್ಲಿ ವ್ಯಾನಿನ ಸದ್ದಾಯಿತು. ನಜೀರಸಾಬನ ಹೆಂಡತಿ ಖೈರುನಬಿ ಒಲೆಯ ಮುಂದಿನಿಂದ ಎದ್ದು, ಕಲ್ಲನ್ನೆತ್ತಿ ಅಂಗಳಕ್ಕೆ ನಡೆದಳು. ವ್ಯಾನು ನಿಂತ ಕೂಡಲೇ ಅದನ್ನು ಗಾಲಿಯ ಕೆಳಗೆ ತಳ್ಳಿ, ಗಂಡನಿಗೆ ನೀರು ತರಲು ಕೊಡದತ್ತ ಹೋದಳು.

"ಕಲ್ಲ್ಯಾಕವಾ ತಂಗಿ?" ಮರಳಿ ಬಂದವಳನ್ನು ಬೀರಪ್ಪ ಕೇಳಿದ.

"ಇಳಿಜಾರ ಐತಲ್ರಿ ಅಣ್ಣಾರ. ಹ್ಯಾಂಡ್‌ಬ್ರೇಕ್ ಚೂರ ಸಡ್ಲ ಆಗೇತಿ."

"ಅದೊಂದ ಬಿಟ್ರ ಬ್ಯಾರೆ ಏನೂ ದೂರಿಲ್ರಿ," ಎಂದ ನಜೀರಸಾಬ. "ಒಂದ ದಿನಾನೂ ನಡುದಾರ್ಯಾಗ ನನ್ನ ಕೈಬಿಟ್ಟಿಲ್ಲ."

ಬೀರಪ್ಪ ಒಳಗಿನ ಚಾಪೆ ಎತ್ತಿದ. ತುಕ್ಕು ತಿಂದ ತೂತಿನಲ್ಲಿ ನೆಲ ಕಂಡಿತು.

"ಬ್ಯಾಸಗ್ಯಾಗ ತಣ್ಣಗ ಗಾಳಿ ಬರತೈತ್ರಿ," ನಜೀರಸಾಬ ನಕ್ಕ. ಪಕ್ಕದ ಜಾರುಬಾಗಿಲಿಗೆ ಮೊಣಕಾಲು ಕೊಟ್ಟು, ಮೇಲೆತ್ತಿ ಎಳೆದು ತೋರಿಸಿದ.

"ಗಾಡಿ ಹೊಂಟಾಗ ಇದು ತಾನ ತಗದ್ರ?"

"ಯಾರರ ಒಬ್ರು ಹಿಡಕೊಂಡ ಕುಂತಿರ್ತಾರಲ್ರಿ!"

ಅನ್ನಪೂರ್ಣಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬೀರಪ್ಪ ನಗಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಿಟ್ಟುಕೊಂಡ ಮನುಷ್ಯ ಕೇಳದಿದ್ದುದನ್ನು ಎಲ್ಲಿ ಬಚ್ಚಿಟ್ಟಿದ್ದಾನೆ?

ಸವದತ್ತಿಯ ರಸ್ತೆಯಲ್ಲಿ ಮೊದಲು ನಜೀರಸಾಬನೇ ನಡೆಸಿದ. ಬೀರಪ್ಪ ರಸ್ತೆ ನೋಡದೆ ಅವನ ಕಾಲು ನೋಡಿದ. ಚಕ್ಕಡಿ ಎದುರಾದಾಗ, ತಿರುವಿನಲ್ಲಿ, ನಾಯಿ ಅಡ್ಡ ಬಂದಾಗ ಆ ಕಾಲು ಬ್ರೇಕನ್ನು ಒಮ್ಮೆ ಮೆಲ್ಲಗೆ ಒತ್ತಿ, ಬಿಟ್ಟು, ಮತ್ತೆ ಬಿಗಿಯಾಗಿ ಒತ್ತುತ್ತಿತ್ತು. ಅದು ಚಾಳಿಯೋ ಉಪಾಯವೋ ತಿಳಿಯಲಿಲ್ಲ.

"ಬ್ರೇಕ್ ಹೆಂಗ ಅದಾವ್ರಿ?"

"ಬೆಣ್ಣಿ ಹಂಗ! ನನ್ನ ಮೊಮ್ಮಕ್ಕಳನ್ನ ಇದರಾಗ ಸಾಲಿಗೆ ಬಿಡತೇನ್ರಿ."

ಆ ದನಿಯಲ್ಲಿ ಸುಳ್ಳಿರಲಿಲ್ಲ. ದನಿಗೂ ಕಾಲಿಗೂ ತಾಳೆಯಾಗದೆ ಬೀರಪ್ಪನ ಅನುಮಾನ ಇನ್ನಷ್ಟು ಬಲವಾಯಿತು.

"ಇನ್ನ ನಮ್ಮ ಸೊಸಿ ನಡಸ್ಲಿ," ಎಂದ. "ಮೆಲ್ಲಕ ಹೊಡೀವಾ."

ಅನ್ನಪೂರ್ಣಾ ಬಯಲು ರಸ್ತೆಯಲ್ಲಿ, ಗಟ್ಟಿಯಾಗಿ ಬ್ರೇಕು ಒತ್ತುವ ಪ್ರಸಂಗವೇ ಬರದೆ, ಅಚ್ಚುಕಟ್ಟಾಗಿ ನಡೆಸಿದಳು. ಮರಳಿ ನಜೀರಸಾಬನ ಓಣಿಯ ಇಳಿಜಾರಿಗೆ ಬಂದಾಗ ಖೈರುನಬಿ ಎಂದಿನಂತೆ ಕಲ್ಲು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಅನ್ನಪೂರ್ಣಾ ಕಲಿತಂತೆ ಬ್ರೇಕನ್ನು ಒಮ್ಮೆ ಒತ್ತಿ ಹಿಡಿದಳು. ಪೆಡಲ್ಲು ತಳ ಮುಟ್ಟಿತು, ವ್ಯಾನು ನಿಲ್ಲಲಿಲ್ಲ.

"ಮಾವಾ, ಬ್ರೇಕ್ ಹತ್ತವಲ್ದು!"

ಖೈರುನಬಿ ಪಕ್ಕಕ್ಕೆ ಹಾರಿ ಕಲ್ಲನ್ನು ಗಾಲಿಯ ಮುಂದೆ ಒಗೆದಳು. ವ್ಯಾನು ಅದಕ್ಕೆ ಬಡಿದು, ಕುಪ್ಪಳಿಸಿ, ಕಟ್ಟೆಗೆ ಮೂತಿ ಹಚ್ಚಿ ನಿಂತಿತು. ಕೊಡ ಉರುಳಿ ನೀರು ಅಂಗಳಕ್ಕೆ ಹರಿಯಿತು.

"ನಾ ಹೊಡದಾಗ ಹಿಂಗ ಎಂದೂ ಆಗಿಲ್ರಿ, ಖುದಾನ ಆಣಿ!" ಎನ್ನುತ್ತ ನಜೀರಸಾಬ ಕೆಳಗಿಳಿದ.

"ಆಕಿ ಒಮ್ಮೆ ಒತ್ತಿದ್ಲು," ಎಂದ ಬೀರಪ್ಪ. "ನೀವು ಎರಡ ಸಲ ಒತ್ತತೀರಿ. ಎರಡನೇ ಸಲಕ್ಕ ಬ್ರೇಕ್ ಹತ್ತತೈತಿ."

"ನಾನಾ? ಇಲ್ರಿ."

"ಕುಂತ ನೋಡ್ರಿ."

ನಜೀರಸಾಬ ನಿಂತ ವ್ಯಾನಿನಲ್ಲಿ ಕುಳಿತು ಬ್ರೇಕಿಗೆ ಕಾಲಿಟ್ಟ. ಕಾಲು ಒಮ್ಮೆ ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. ಅವನು ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತ ಕುಳಿತ. ಇವನು ಏನನ್ನೂ ಬಚ್ಚಿಟ್ಟಿರಲಿಲ್ಲ ಎಂಬುದು ಬೀರಪ್ಪನಿಗೆ ಆಗ ತಿಳಿಯಿತು. ಮೋಸವಾಗಿದ್ದರೆ ಹಿಡಿದು ಜಗಳವಾಡಬಹುದಿತ್ತು.

ಅಷ್ಟರಲ್ಲಿ ನಜೀರಸಾಬನ ಮೊಬೈಲು ರಿಂಗಾಯಿತು. ಸುರೇಬಾನದಿಂದ ಮದುವೆಯ ಬಾಡಿಗೆ.

"ಗಾಡಿ ಬರಂಗಿಲ್ರಿ," ಎಂದ ಅವನು. "ಇಲ್ಲ, ನಾಳೆನೂ ಇಲ್ಲ. ಬ್ರೇಕ್ ಕೆಟ್ಟಾವು." ಕೊನೆಯ ಮಾತು ಹೇಳುವಾಗ ಹೆಂಡತಿಯತ್ತ ನೋಡಿದ.

ಖೈರುನಬಿ ಗಾಲಿಯ ಬುಡದ ಕಲ್ಲನ್ನು ಮುಟ್ಟಲಿಲ್ಲ. ಉರುಳಿದ ಕೊಡವನ್ನೆತ್ತಿಕೊಂಡು ನೀರಿಗೆ ಹೋದಳು. ಬೀರಪ್ಪ ಸೊಸೆಯನ್ನು ಕರೆದುಕೊಂಡು ಬಸ್ಸು ನಿಲ್ಲುವ ಕಡೆಗೆ ನಡೆದ.